ರಾಜರ ಪದ್ಯಚರಿತ್ರೆ ಮತ್ತು ಸ್ಕಾಟ್ಲೆಂಡಿನ ಕಾಗದಪತ್ರ
(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನು ಮಾಡಿ, “ಸರ್, ನೀವು ಇಷ್ಟು ವರ್ಷ ಇತಿಹಾಸ ಪಾಠ ಮಾಡಿದವರು, ಅರ್ಧ ಗಂಟೆ ಏನಾದರೂ ಮಾತಾಡಿ” ಎಂದರು. ಯಾವ ವಿಷಯ ಎಂದು ಕೇಳಿದೆ. ನಿಮಗೆ ಇಷ್ಟ ಬಂದದ್ದು ಎಂದರು. ಇಷ್ಟ ಬಂದದ್ದು ಎಂದು ಬಿಟ್ಟುಕೊಟ್ಟದ್ದು ಅವರ ತಪ್ಪು! ಇವತ್ತು ನಾನು ಇಂಗ್ಲೆಂಡಿನ ಒಬ್ಬ ಮುದುಕನ ಕತೆ ಹೇಳುತ್ತೇನೆ. ಆರುನೂರು ವರ್ಷದ ಹಿಂದಿನವನು. ಹೆಸರು ಜಾನ್ ಹಾರ್ಡಿಂಗ್. ಸೈನಿಕ, ಕೋಟೆ ಕಾದವನು, ಗೂಢಚಾರ. ಮುಪ್ಪಿನಲ್ಲಿ ಕವಿ. ಇಂಗ್ಲೆಂಡಿನ ರಾಜರ ಚರಿತ್ರೆಯನ್ನೆಲ್ಲ ಪದ್ಯದಲ್ಲಿ ಬರೆದ. ಬರೆದು ಮುಗಿಸಿ, ಅದನ್ನೇ ಇನ್ನೊಬ್ಬ ಒಡೆಯನಿಗಾಗಿ ತಿದ್ದಿ ಮತ್ತೆ ಬರೆದ.

ಈ ಊರಿಗೂ ಆ ಮುದುಕನಿಗೂ ಏನು ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ಸಂಬಂಧ ಏನೂ ಇಲ್ಲ. ಆದರೆ ಇಲ್ಲಿ ಕುಳಿತವರಲ್ಲಿ ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸದವರು ಎಷ್ಟು ಜನ ಇದ್ದೀರಿ? ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ಅಜ್ಜನಿಗೆ ಮಕ್ಕಳೆಷ್ಟು, ಹಿರಿಯವ ಯಾರು, ಕಿರಿಯವ ಯಾರು ಎಂದು ಒಂದು ಹಾಳೆಯ ಮೇಲೆ ಬರೆದರೆ ಅದು ಬರೀ ಹೆಸರುಗಳ ಪಟ್ಟಿಯಾಗಿ ಉಳಿಯುವುದಿಲ್ಲ. ಹೊಲ ಯಾರಿಗೆ ಎನ್ನುವುದು ಅದರೊಳಗೇ ಇರುತ್ತದೆ. ಹಾರ್ಡಿಂಗ್ ಬರೆದ ಪುಸ್ತಕವೂ ಅಂಥದೇ. ಅದರಲ್ಲಿದ್ದ ಹೊಲ ಸ್ಕಾಟ್ಲೆಂಡ್ ದೇಶ.

ಮೊದಲು ಮನುಷ್ಯನನ್ನು ನೋಡೋಣ. ಹುಟ್ಟಿದ್ದು 1378ರಲ್ಲಿ. ಇಂಗ್ಲೆಂಡಿನ ಉತ್ತರದ ತುದಿ ನಾರ್ಥಂಬರ್ಲೆಂಡ್, ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡ ಸೀಮೆ. ಹನ್ನೆರಡನೆಯ ವಯಸ್ಸಿಗೆ ಆ ಸೀಮೆಯ ದೊಡ್ಡ ಮನೆತನವಾದ ಪರ್ಸಿಗಳ ಮನೆಗೆ ಸೇವೆಗೆ ಸೇರಿದ. ಅವನ ಒಡೆಯ ಸರ್ ಹೆನ್ರಿ ಪರ್ಸಿ. ಶೇಕ್ಸ್‌ಪಿಯರ್ ಓದಿದವರಿಗೆ ಇವನು ‘ಹಾಟ್‌ಸ್ಪರ್’ ಎಂಬ ಹೆಸರಿನಿಂದ ಗೊತ್ತು, ನಾಲ್ಕನೇ ಹೆನ್ರಿ ನಾಟಕದ ಬಿಸಿರಕ್ತದ ವೀರ. 1402ರಲ್ಲಿ ಹೋಮಿಲ್ಡನ್ ಬೆಟ್ಟದಲ್ಲಿ ಸ್ಕಾಟರ ವಿರುದ್ಧ ನಡೆದ ಕಾಳಗದಲ್ಲಿ ಹಾರ್ಡಿಂಗ್ ಇದ್ದ. ಮರುವರ್ಷ ಪರ್ಸಿಗಳು ತಮ್ಮ ರಾಜನ ಮೇಲೆಯೇ ತಿರುಗಿಬಿದ್ದರು. ಶ್ರೂಸ್‌ಬರಿಯಲ್ಲಿ ಹಾಟ್‌ಸ್ಪರ್ ಸತ್ತ. ಆಗ ಹಾರ್ಡಿಂಗನಿಗೆ ಇಪ್ಪತ್ತೈದು ವರ್ಷ, ಅವನೂ ಆ ಕಣದಲ್ಲಿದ್ದ. ಸೋತ ಕಡೆಯವನು ಬದುಕಿ ಉಳಿದದ್ದೇ ಹೆಚ್ಚು. ಆಮೇಲೆ ಸರ್ ರಾಬರ್ಟ್ ಉಂಫ್ರೆವಿಲ್ ಎಂಬ ಇನ್ನೊಬ್ಬ ಗಡಿನಾಡ ವೀರನ ಸೇವೆಗೆ ಸೇರಿದ. 1415ರ ಅಜಿನ್‌ಕೋರ್ಟ್ ಯುದ್ಧಕ್ಕೂ ಹೋಗಿಬಂದ.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ಈತ ಮಠದಲ್ಲಿ ಕೂತು ಹಳೇ ಪುಸ್ತಕ ನೋಡಿ ಬರೆದ ಸನ್ಯಾಸಿಯಲ್ಲ. ಆ ಕಾಲದ ಚರಿತ್ರೆಕಾರರಲ್ಲಿ ಹೆಚ್ಚಿನವರು ಸನ್ಯಾಸಿಗಳೇ. ಈತ ಗಡಿಯಲ್ಲಿ ಬೆಳೆದವನು. ದನ ಹೊಡೆದುಕೊಂಡು ಹೋಗುವವರನ್ನು, ಊರಿಗೆ ಬೆಂಕಿ ಇಡುವವರನ್ನು ಕಣ್ಣಾರೆ ಕಂಡವನು. ಅವನ ಕಣ್ಣಿಗೆ ಸ್ಕಾಟ್ಲೆಂಡ್ ಎಂದರೆ ನಕಾಶೆಯ ಮೇಲಿನ ಹೆಸರಲ್ಲ, ಹೊಳೆಯ ಆಚೆ ದಡದ ಶತ್ರು.

1418ರ ಹೊತ್ತಿಗೆ ಐದನೇ ಹೆನ್ರಿ ರಾಜ. ಅವನು ಹಾರ್ಡಿಂಗನಿಗೆ ಒಂದು ಗುಟ್ಟಿನ ಕೆಲಸ ಒಪ್ಪಿಸಿದ: ಸ್ಕಾಟ್ಲೆಂಡಿನ ರಾಜರು ಹಿಂದಿನಿಂದಲೂ ಇಂಗ್ಲೆಂಡಿನ ರಾಜನ ಅಧೀನರು ಎಂದು ತೋರಿಸುವ ದಾಖಲೆಗಳನ್ನು ಹುಡುಕಿ ತರಬೇಕು. ಜೊತೆಗೆ ದೇಶವನ್ನೂ ನೋಡಿಕೊಂಡು ಬರಬೇಕು. ದಂಡು ಹೋಗಬೇಕಾದರೆ ಯಾವ ದಾರಿ, ಹಡಗು ಎಲ್ಲಿ ನಿಲ್ಲುತ್ತದೆ, ಕೋಟೆ ಎಲ್ಲಿದೆ. ಹಾರ್ಡಿಂಗ್ ಮೂರೂವರೆ ವರ್ಷ ಸ್ಕಾಟ್ಲೆಂಡಿನಲ್ಲಿ ತಿರುಗಿದ. ವಾಸಿಯಾಗದಂಥ ಗಾಯವೂ ಆಯಿತು ಎಂದು ಅವನೇ ಬರೆದುಕೊಂಡಿದ್ದಾನೆ. 1422ರಲ್ಲಿ ಕಾಗದಪತ್ರಗಳನ್ನು ಹಿಡಿದು ಫ್ರಾನ್ಸಿನ ವಿನ್ಸೆನ್ ಅರಮನೆಗೆ ಹೋಗಿ ರಾಜನ ಮುಂದಿಟ್ಟ. ರಾಜ ಸಂತೋಷಪಟ್ಟು ಗೆಡಿಂಗ್ಟನ್ ಎಂಬ ಜಹಗೀರನ್ನು ಕೊಡುತ್ತೇನೆಂದು ಮಾತು ಕೊಟ್ಟನಂತೆ. ಅದೇ ವರ್ಷ ಆಗಸ್ಟ್ 31ರಂದು ಅದೇ ವಿನ್ಸೆನ್‌ನಲ್ಲಿ ರಾಜ ತೀರಿಕೊಂಡ. ಅವನ ಮಗ ಆರನೇ ಹೆನ್ರಿಗೆ ಆಗ ಒಂಬತ್ತು ತಿಂಗಳೂ ತುಂಬಿರಲಿಲ್ಲ.

ಮಾತು ಕೊಟ್ಟವನು ಹೋದ. ಕಾಗದದಲ್ಲಿ ಏನೂ ಇಲ್ಲ. ಕಂದಾಯ ಕಚೇರಿಗೆ ಅಲೆದವರಿಗೆ ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾರ್ಡಿಂಗ್ ಆ ಗೆಡಿಂಗ್ಟನ್‌ಗಾಗಿ ನಾಲ್ಕು ದಶಕ ಅರ್ಜಿ ಹಾಕಿದ. 1440ರಲ್ಲಿ ಒಂದಷ್ಟು ದಾಖಲೆಗಳನ್ನು ಒಪ್ಪಿಸಿದ, ವರ್ಷಕ್ಕೆ 10 ಪೌಂಡು ಮಂಜೂರಾಯಿತು. ಜಹಗೀರು ಬರಲಿಲ್ಲ. ಸ್ಕಾಟ್ಲೆಂಡಿನ ರಾಜ ಒಂದನೇ ಜೇಮ್ಸ್ ಆ ಕಾಗದಗಳನ್ನು ಬಿಟ್ಟುಕೊಟ್ಟರೆ ಸಾವಿರ ಮಾರ್ಕ್ ಕೊಡುತ್ತೇನೆಂದು ಆಮಿಷ ಒಡ್ಡಿದ್ದ, ನಾನು ಮುಟ್ಟಲಿಲ್ಲ ಎಂದು ಹೇಳಿಕೊಂಡ. ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ನೀವೇ ಲೆಕ್ಕ ಹಾಕಿ.

1457ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಆರನೇ ಹೆನ್ರಿಗೆ ಒಂದು ಪುಸ್ತಕ ಅರ್ಪಿಸಿದ. ಅದೇ ಈ ಪದ್ಯಚರಿತ್ರೆ. ಹದಿನೆಂಟು ಸಾವಿರಕ್ಕೂ ಹೆಚ್ಚು ಸಾಲು! ನಮ್ಮ ಷಟ್ಪದಿಗೆ ಆರು ಸಾಲು. ಇವನ ಪದ್ಯಕ್ಕೆ ಏಳು ಸಾಲು, ಒಂದಕ್ಕೊಂದು ಹೆಣೆದ ಪ್ರಾಸ. ಆಗಿನ ಇಂಗ್ಲಿಷಿನ ದೊಡ್ಡ ಕವಿ ಚಾಸರ್ ಬಳಸಿದ ಛಂದಸ್ಸು ಅದು. ಚಾಸರನ ಕೈಯಲ್ಲಿ ಹಾಡಾಗುವ ಪದ್ಯ ಹಾರ್ಡಿಂಗನ ಕೈಯಲ್ಲಿ ಎತ್ತಿನಗಾಡಿಯ ಹಾಗೆ ಸಾಗುತ್ತದೆ. ಕವಿತೆ ಎಂದು ಓದಿದರೆ ನಿದ್ದೆ ಬರುತ್ತದೆ, ಇದು ನನ್ನ ಸ್ವಂತ ಅನುಭವ.

ಹಾಗಾದರೆ ಪದ್ಯ ಯಾಕೆ? ಗದ್ಯದಲ್ಲಿ ಅರ್ಜಿ ಬರೆದಿದ್ದರೆ ಸಾಲದಿತ್ತೇ? ನಮ್ಮ ಕಡೆ ಹೆಳವರು ಬರುತ್ತಿದ್ದರಲ್ಲ, ಎತ್ತಿನ ಮೇಲೆ ಕೂತು, ಮನೆ ಮುಂದೆ ನಿಂತು, ನಮ್ಮ ಮುತ್ತಜ್ಜನ ಅಜ್ಜನ ಹೆಸರಿನಿಂದ ಹಿಡಿದು ವಂಶಾವಳಿ ಹೇಳುತ್ತಿದ್ದರು. ಕೇಳಿದವರಿಗೆ ಎದೆ ಉಬ್ಬುತ್ತಿತ್ತು, ಒಳಗಿಂದ ಮೊರದ ತುಂಬ ಜೋಳ ಬರುತ್ತಿತ್ತು. ರಾಗವಾಗಿ ಹೇಳಿದ ವಂಶಾವಳಿಗೆ ಬೇರೆಯೇ ಒಂದು ತೂಕ ಇದೆ. ಇಂಗ್ಲೆಂಡಿನಲ್ಲೂ ಅಷ್ಟೇ. ಹಾರ್ಡಿಂಗನಿಗಿಂತ ಮೂವತ್ತು ವರ್ಷ ಮೊದಲು ಜಾನ್ ಲಿಡ್ಗೇಟ್ ಎಂಬ ಸನ್ಯಾಸಿ ಒಬ್ಬೊಬ್ಬ ರಾಜನಿಗೆ ಒಂದೊಂದರಂತೆ ಹದಿನೈದು ಪದ್ಯ ಬರೆದಿದ್ದ. ದಂಡೆತ್ತಿ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಂನಿಂದ ಶುರು, ಕೂಸುರಾಜ ಆರನೇ ಹೆನ್ರಿಗೆ ಮುಕ್ತಾಯ. ಮಕ್ಕಳು ಮಗ್ಗಿಯ ಹಾಗೆ ಬಾಯಿಪಾಠ ಮಾಡಬಹುದಾದಂಥದು. ಅಷ್ಟು ಚಿಕ್ಕದರಲ್ಲೂ ಕೊನೆಯ ಪದ್ಯ ಈ ಮಗು ಇಂಗ್ಲೆಂಡಿಗೂ ಫ್ರಾನ್ಸಿಗೂ ಹಕ್ಕುದಾರ ಎಂಬ ಮಾತನ್ನು ಸೇರಿಸಿಯೇ ಮುಗಿಯುತ್ತದೆ. ಒಂದಾದ ಮೇಲೊಂದು ಪದ್ಯ, ಒಬ್ಬನಾದ ಮೇಲೊಬ್ಬ ರಾಜ. ಸಾಲಾಗಿ ಕೇಳುವಾಗ ಕೊನೆಯವನು ತಾನಾಗಿಯೇ ಸರಿಯಾದ ವಾರಸುದಾರನಾಗಿ ಕಾಣುತ್ತಾನೆ. ನಡುವೆ ಯಾರು ಯಾರನ್ನು ಕೆಡವಿ ಸಿಂಹಾಸನ ಹತ್ತಿದರು ಎನ್ನುವುದು ಪ್ರಾಸದಲ್ಲಿ ಮುಚ್ಚಿಹೋಗುತ್ತದೆ. ಮುಂದೆ ಬೇರೆ ಮನೆತನದ ನಾಲ್ಕನೇ ಎಡ್ವರ್ಡ್ ಬಂದಾಗ ಅದೇ ಮಾಲೆಗೆ ಅವನ ಪದ್ಯವನ್ನೂ ಪೋಣಿಸಿದರು. ಮಾಲೆ ಯಾರನ್ನೂ ಬೇಡ ಅನ್ನಲಿಲ್ಲ.

ಹಾರ್ಡಿಂಗನ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ, ಟ್ರಾಯ್ ನಗರದವರೆಗೆ. ಟ್ರಾಯ್‌ನಿಂದ ಓಡಿಬಂದ ಈನಿಯಸ್ ಎಂಬ ವೀರನ ವಂಶದಲ್ಲಿ ಬ್ರೂಟಸ್ ಎಂಬವನು ಹುಟ್ಟಿ, ಸಮುದ್ರ ದಾಟಿ ಬಂದು ದ್ವೀಪವನ್ನು ಗೆದ್ದನಂತೆ. ಅವನ ಹೆಸರಿನಿಂದಲೇ ‘ಬ್ರಿಟನ್’ ಆಯಿತಂತೆ. ಅವನಿಗೆ ಮೂವರು ಮಕ್ಕಳು. ಹಿರಿಯವ ಲೊಕ್ರೈನನಿಗೆ ಇಂಗ್ಲೆಂಡು, ಕ್ಯಾಂಬರನಿಗೆ ವೇಲ್ಸ್, ಆಲ್ಬನಾಕ್ಟನಿಗೆ ಸ್ಕಾಟ್ಲೆಂಡು. ಇದು ಕಟ್ಟುಕತೆ. 1136ರ ಸುಮಾರಿಗೆ ಮಾನ್‌ಮತ್‌ನ ಜೆಫ್ರಿ ಎಂಬ ಪಾದ್ರಿ ಲ್ಯಾಟಿನ್ನಿನಲ್ಲಿ ಬರೆದು ಪ್ರಸಿದ್ಧಿ ಮಾಡಿದ್ದು. ಆದರೆ ಇದರೊಳಗಿನ ಭಾಗಪತ್ರವನ್ನು ಗಮನಿಸಿ. ಹಿರಿಯ ಮಗನಿಗೆ ಇಂಗ್ಲೆಂಡು ಬಂದದ್ದರಿಂದ ಕಿರಿಯವರು ಹಿರಿಯನಿಗೆ ತಲೆಬಾಗಬೇಕು. ಅಲ್ಲಿಗೆ ಸ್ಕಾಟ್ಲೆಂಡಿನ ರಾಜ ಇಂಗ್ಲೆಂಡಿನ ರಾಜನಿಗೆ ಮಂಡಿಯೂರಬೇಕು. ಎರಡು ಸಾವಿರ ವರ್ಷದ ಹಿಂದಿನ ಅಣ್ಣತಮ್ಮಂದಿರ ಪಾಲು ಇವತ್ತಿನ ಯುದ್ಧಕ್ಕೆ ಕಾರಣಪತ್ರವಾಯಿತು.

ನಗಬೇಡಿ. ಇದನ್ನು ರಾಜರೇ ಹಿಡಿದುಕೊಂಡು ವಾದಿಸಿದ್ದಾರೆ. 1291ರಲ್ಲಿ ಒಂದನೇ ಎಡ್ವರ್ಡ್ ದೇಶದ ಮಠಗಳಿಗೆಲ್ಲ ಪತ್ರ ಕಳಿಸಿ, ನಿಮ್ಮ ಚರಿತ್ರೆ ಪುಸ್ತಕಗಳಲ್ಲಿ ಸ್ಕಾಟ್ಲೆಂಡಿನ ಅಧೀನತೆಯ ಬಗ್ಗೆ ಏನಿದೆ ಹುಡುಕಿ ಕಳಿಸಿ ಎಂದ. 1301ರಲ್ಲಿ ಪೋಪ್ ಎಂಟನೇ ಬೋನಿಫೇಸ್‌ಗೆ ಬರೆದ ಪತ್ರದಲ್ಲಿ ಬ್ರೂಟಸ್ಸನ ಮೂವರು ಮಕ್ಕಳ ಕತೆಯನ್ನೇ ಸಾಕ್ಷಿಯಾಗಿ ಕೊಟ್ಟ. ಸ್ಕಾಟರೇನು ಸುಮ್ಮನಿದ್ದರೇ? ನಮ್ಮ ಮೂಲಪುರುಷ ಬ್ರೂಟಸ್ಸನ ಮಗ ಅಲ್ಲ, ನಮ್ಮ ಮೂಲತಾಯಿ ಈಜಿಪ್ಟಿನ ಫರೋಹನ ಮಗಳು ಸ್ಕೋಟಾ, ಅವಳ ಹೆಸರಿನಿಂದಲೇ ಸ್ಕಾಟ್ಲೆಂಡ್ ಎಂದರು. ಒಬ್ಬರದು ಟ್ರಾಯ್, ಇನ್ನೊಬ್ಬರದು ಈಜಿಪ್ಟ್. ಎರಡೂ ಕಡೆ ವಕೀಲರು, ಎರಡೂ ಕಡೆ ಪುರಾಣ. ಇದರ ನಡುವೆ 1328ರಲ್ಲಿ ಇಂಗ್ಲೆಂಡು ಒಪ್ಪಂದ ಮಾಡಿಕೊಂಡು ತನ್ನ ಹಕ್ಕನ್ನು ಬಿಟ್ಟುಕೊಟ್ಟದ್ದು ನಿಜವಾದ ಇತಿಹಾಸ. ಐದು ವರ್ಷ ಕಳೆಯುವುದರೊಳಗೆ ಮತ್ತೆ ಯುದ್ಧ ಶುರುವಾದದ್ದೂ ನಿಜವೇ.

ಹಾರ್ಡಿಂಗ್ ಆ ಹಳೆಯ ವಾದಕ್ಕೆ ಹೊಸ ಕಾಗದ ಹೊಂದಿಸಿದ. ಅವನ ಚರಿತ್ರೆಯಲ್ಲಿ ರಾಜರು ಬರುತ್ತಾರೆ, ಹೋಗುತ್ತಾರೆ. ಆದರೆ ಸ್ಕಾಟ್ಲೆಂಡಿನವರು ಯಾರ ಕಾಲದಲ್ಲಿ ತಲೆಬಾಗಿದರು ಎನ್ನುವುದನ್ನು ಮಾತ್ರ ಅವನು ಮರೆಯದೆ ದಾಖಲಿಸುತ್ತ ಹೋಗುತ್ತಾನೆ. ಆರ್ಥರ್ ರಾಜ, ದುಂಡುಮೇಜಿನ ವೀರರು ಎಲ್ಲರೂ ಇದ್ದಾರೆ, ಅವರೂ ಈ ಲೆಕ್ಕಕ್ಕೆ ಸಾಕ್ಷಿಗಳು. ಕೊನೆಗೆ ಬಂದರೆ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ಒಂದು ಬಣ್ಣದ ನಕಾಶೆ! ಊರುಗಳು, ಕೋಟೆಗಳು, ಗೋಡೆ ಕಟ್ಟಿದ ಪಟ್ಟಣಗಳು. ಸ್ಕಾಟ್ಲೆಂಡನ್ನೇ ಪ್ರತ್ಯೇಕವಾಗಿ ಬರೆದ ಅತಿ ಹಳೆಯ ನಕಾಶೆಗಳಲ್ಲಿ ಇದು ಒಂದು. ಜೊತೆಗೆ ಪದ್ಯದಲ್ಲಿ ದಾರಿಯ ವಿವರ: ಈ ಊರಿನಿಂದ ಆ ಊರಿಗೆ ಇಷ್ಟು ಮೈಲಿ, ಇಲ್ಲಿ ದಂಡಿಗೆ ಆಹಾರ ಸಿಗುತ್ತದೆ, ಇಲ್ಲಿ ಹಡಗುಗಳು ಬಂದು ಸೇರಬೇಕು. ಟ್ರಾಯ್‌ನಿಂದ ಹೊರಟ ಕಾವ್ಯ ದಂಡಯಾತ್ರೆಯ ಕೈಪಿಡಿಯಾಗಿ ಮುಗಿಯುತ್ತದೆ. ಆಮೇಲಿನ ಕೆಲವು ಪ್ರತಿಗಳ ನಕಾಶೆಯಲ್ಲಿ ಇನ್ನೊಂದು ಸೊಗಸಿದೆ. ಸ್ಕಾಟ್ಲೆಂಡಿನ ಉತ್ತರಕ್ಕೆ, ಅಕ್ಕಪಕ್ಕದ ಮನೆಯ ಹಾಗೆ, ಪಾತಾಳದ ರಾಜ ಪ್ಲೂಟೋನ ಅರಮನೆ ಇದೆ! ಸುತ್ತ ನರಕದ ನದಿಗಳು. ಗಡಿನಾಡಿನವನ ಹಳೆಯ ಸಿಟ್ಟು ಅಲ್ಲಿ ಹೊರಗೆ ಬಂದಿದೆ.

ಈ ಪುಸ್ತಕ ಅರ್ಪಿಸಿದ ವರ್ಷವೇ ಅವನಿಗೆ ವರ್ಷಕ್ಕೆ 20 ಪೌಂಡು ಮಂಜೂರಾಯಿತು. ಗೆಡಿಂಗ್ಟನ್ ಮಾತ್ರ ಆಗಲೂ ಇಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ಈತ ಒಬ್ಬ ಸಾಮಾನ್ಯ ಅರ್ಜಿದಾರ ಅಷ್ಟೇ. ಆದರೆ ಕಾಲ ಬದಲಾಯಿತು. ಆರನೇ ಹೆನ್ರಿ ದೈವಭಕ್ತ, ದುರ್ಬಲ. 1453ರಲ್ಲಿ ಬುದ್ಧಿಯೇ ಮಂಕಾಗಿ ತಿಂಗಳುಗಟ್ಟಲೆ ಯಾರನ್ನೂ ಗುರುತು ಹಿಡಿಯದಾದ. ಸಿಂಹಾಸನಕ್ಕೆ ಎರಡು ಮನೆತನಗಳ ಜಗಳ ಶುರುವಾಯಿತು, ಲ್ಯಾಂಕಾಸ್ಟರ್ ಮತ್ತು ಯಾರ್ಕ್. ಎರಡೂ ಮೂರನೇ ಎಡ್ವರ್ಡ್ ರಾಜನ ಸಂತಾನವೇ. ಅವನ ಮಕ್ಕಳಲ್ಲಿ ಲಯನಲ್ ಹಿರಿಯವ, ಜಾನ್ ಆಫ್ ಗಾಂಟ್ ಅವನ ತಮ್ಮ. ತಮ್ಮನ ಗಂಡು ಸಂತಾನ ಲ್ಯಾಂಕಾಸ್ಟರ್ ರಾಜರು. ಅಣ್ಣನ ಮಗಳ ಮೂಲಕ ಬಂದದ್ದು ಯಾರ್ಕ್ ಮನೆತನದ ಹಕ್ಕು. ಮಗಳ ಕಡೆಯಿಂದ ಹಕ್ಕು ಬರುತ್ತದೋ ಇಲ್ಲವೋ ಎನ್ನುವುದೇ ಜಗಳ. ಇದು ನಮ್ಮ ಕೋರ್ಟುಗಳಲ್ಲಿ ನಿನ್ನೆ ಮೊನ್ನೆ ತನಕ ನಡೆದ ವ್ಯಾಜ್ಯವೇ ಆದ್ದರಿಂದ ಹೆಚ್ಚು ವಿವರಿಸುವುದಿಲ್ಲ.

ಹಾರ್ಡಿಂಗ್ ಎಂಬತ್ತು ದಾಟಿದ ಮೇಲೆ ಪುಸ್ತಕವನ್ನು ಮೊದಲಿನಿಂದ ಮತ್ತೆ ಬರೆಯಲು ಕೂತ. ಈ ಸಲ ಯಾರ್ಕಿನ ಡ್ಯೂಕ್ ರಿಚರ್ಡ್‌ಗಾಗಿ. 1460ರ ಡಿಸೆಂಬರ್‌ನಲ್ಲಿ ವೇಕ್‌ಫೀಲ್ಡ್ ಯುದ್ಧದಲ್ಲಿ ಡ್ಯೂಕ್ ಸತ್ತ. ಮೂರು ತಿಂಗಳೊಳಗೆ ಅವನ ಮಗ ಗೆದ್ದು ನಾಲ್ಕನೇ ಎಡ್ವರ್ಡ್ ಎಂದು ರಾಜನಾದ. ಹಾರ್ಡಿಂಗ್ ಅಪ್ಪನಿಗೆ ಬರೆದದ್ದನ್ನು ಮಗನ ಕಡೆಗೆ ತಿರುಗಿಸಿಕೊಂಡು ಮುಂದುವರಿಸಿದ. ಈ ಎರಡನೇ ಪಾಠ ಚಿಕ್ಕದು, ಹನ್ನೆರಡು ಸಾವಿರ ಸಾಲು ಮೀರಿದ್ದು. ಮೊದಲನೆಯದರಲ್ಲಿ ಲ್ಯಾಂಕಾಸ್ಟರ್ ರಾಜರು ನ್ಯಾಯವಾದ ಒಡೆಯರು. ಎರಡನೆಯದರಲ್ಲಿ ಅವರೇ ಸಿಂಹಾಸನ ಕದ್ದವರು.

ಎರಡು ಪಾಠಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದಾಗ ನನಗೆ ಕಂಡದ್ದನ್ನು ಹೇಳುತ್ತೇನೆ. ಸಿಂಹಾಸನ ಯಾರದು ಎಂಬ ಮಾತು ಬದಲಾಗಿದೆ. ಸ್ಕಾಟ್ಲೆಂಡು ಯಾರದು ಎಂಬ ಮಾತು ಬದಲಾಗಿಲ್ಲ. ನಕಾಶೆ ಅಲ್ಲೂ ಇದೆ, ಇಲ್ಲೂ ಇದೆ. ದಂಡಿನ ದಾರಿ, ಕಾಗದಗಳ ಕತೆ, ಗೆಡಿಂಗ್ಟನ್‌ನ ಅಳಲು ಎಲ್ಲ ಹಾಗೇ ಉಳಿದಿವೆ. ಅಂದಮೇಲೆ ಪುಸ್ತಕದ ನಡುಗಂಬ ಯಾವುದು ಎಂದು ಕೇಳಬೇಕಾಗಿಲ್ಲ. ಅವನಿಗೆ ಯಾವ ರಾಜನಾದರೂ ಸರಿ, ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋಗುವವನಾದರೆ ಸಾಕು, ತನ್ನ ಅರ್ಜಿಗೆ ಸಹಿ ಹಾಕುವವನಾದರೆ ಸಾಕು.

ಎರಡನೇ ಪಾಠದಲ್ಲಿ ಒಂದು ವಿಚಿತ್ರ ಪ್ರಸಂಗ ಬರುತ್ತದೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅದೇ ಮುಖ್ಯ. 1399ರಲ್ಲಿ ನಾಲ್ಕನೇ ಹೆನ್ರಿ ತನ್ನ ದಾಯಾದಿ ಎರಡನೇ ರಿಚರ್ಡನನ್ನು ಕೆಳಗಿಳಿಸಿ ರಾಜನಾದ. ಹಕ್ಕು ಎಲ್ಲಿಂದ ಬಂತು? ಅವನ ತಾಯಿಯ ಪೂರ್ವಜನಾದ ಎಡ್ಮಂಡ್ ಎಂಬ ರಾಜಕುಮಾರ ಒಂದನೇ ಎಡ್ವರ್ಡನಿಗೆ ಅಣ್ಣ, ಬೆನ್ನು ಗೂನು ಎಂದು ಅವನನ್ನು ಬಿಟ್ಟು ತಮ್ಮನಿಗೆ ಪಟ್ಟ ಕಟ್ಟಿದರು ಎಂದು ಒಂದು ಕತೆ ಹುಟ್ಟಿಸಿದರು. ನಿಜವಾಗಿ ಎಡ್ಮಂಡ್ ತಮ್ಮನೇ. ಹಾರ್ಡಿಂಗ್ ಹೇಳುವುದು ಇದು: ಈ ಕತೆಗೆ ಆಧಾರ ಬೇಕೆಂದು ಹೆನ್ರಿಯ ಅಪ್ಪ ಜಾನ್ ಆಫ್ ಗಾಂಟ್ ಒಂದು ಸುಳ್ಳು ಚರಿತ್ರೆಯನ್ನೇ ಬರೆಸಿ ಮಠಗಳಲ್ಲಿ ಇಡಿಸಿದ್ದ. ಹೆನ್ರಿ ಅದನ್ನು ಹಿಡಿದುಕೊಂಡು ಬಂದಾಗ ವೆಸ್ಟ್‌ಮಿನ್‌ಸ್ಟರ್ ಮತ್ತು ಬೇರೆ ಮಠಗಳ ಹಳೆಯ ಚರಿತ್ರೆಗಳನ್ನು ತರಿಸಿ ತಾಳೆ ನೋಡಿದರು, ಸುಳ್ಳು ಎಂದು ಗೊತ್ತಾಯಿತು. ಇದನ್ನು ನನಗೆ ಹೇಳಿದವನು ಹಾಟ್‌ಸ್ಪರ್‌ನ ಅಪ್ಪ, ನಾರ್ಥಂಬರ್ಲೆಂಡಿನ ಅರ್ಲ್, ಎಂದು ಬರೆಯುತ್ತಾನೆ. ಪರ್ಸಿಗಳು ರಾಜನ ಮೇಲೆ ತಿರುಗಿಬಿದ್ದಾಗ ಹೊರಡಿಸಿದ ಆರೋಪಪತ್ರವನ್ನೂ ಇದೇ ಪಾಠದಲ್ಲಿ ಸೇರಿಸಿದ್ದಾನೆ. ಲ್ಯಾಂಕಾಸ್ಟರ್ ರಾಜನಿಗೆ ಕೊಟ್ಟ ಮೊದಲ ಪುಸ್ತಕದಲ್ಲಿ ಇವು ಇರಲು ಸಾಧ್ಯವೇ ಇರಲಿಲ್ಲ. ಯೌವನದಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಎಂಬತ್ತರ ಮೇಲೆ, ಕಾಲ ತಿರುಗಿದಾಗ ಹೇಳಿದ.

ಇದರಲ್ಲಿ ವಿಚಿತ್ರ ಏನು ಎಂದರೆ, ಹೀಗೆ ಇನ್ನೊಬ್ಬರ ಸುಳ್ಳು ಚರಿತ್ರೆಯನ್ನು ಬಯಲಿಗೆಳೆದ ಈ ಹಾರ್ಡಿಂಗ್ ತಂದುಕೊಟ್ಟ ಸ್ಕಾಟ್ಲೆಂಡಿನ ಕಾಗದಗಳಲ್ಲಿ ಬಹುಪಾಲು ಸುಳ್ಳು. ಸೃಷ್ಟಿಸಿದ ಕಾಗದಗಳು. ಅವುಗಳಲ್ಲಿ ಒಂದು ಮೂರನೇ ಮಾಲ್ಕಂ ಎಂಬ ಸ್ಕಾಟ್ ರಾಜನ ಹೆಸರಿನಲ್ಲಿದೆ. ಈ ಮಾಲ್ಕಂ ನಿಮಗೆ ಗೊತ್ತಿರುವವನೇ. ಡಿ.ವಿ.ಜಿ.ಯವರು ಕನ್ನಡಕ್ಕೆ ತಂದ ‘ಮ್ಯಾಕ್‌ಬೆತ್’ ನಾಟಕದ ಕೊನೆಯಲ್ಲಿ ರಾಜನಾಗುವ ಮಾಲ್ಕಂ. ಹನ್ನೊಂದನೇ ಶತಮಾನದವನು. ಅವನೇ ಇಂಗ್ಲೆಂಡಿನ ರಾಜನಿಗೆ ತಾನು ಅಧೀನ ಎಂದು ಬರೆದುಕೊಟ್ಟಂತೆ ಪತ್ರ ಇದೆ. ಅದಕ್ಕೆ ಒತ್ತಿದ ಮುದ್ರೆ ಮಾಲ್ಕಂನ ಕಾಲಕ್ಕೆ ಹೊಂದುವುದೇ ಇಲ್ಲ, ಅಂಥ ಲಾಂಛನ ಬಂದದ್ದೇ ತಲೆಮಾರುಗಳ ನಂತರ. ನಮ್ಮಲ್ಲಿ ಹಳೆಯ ಛಾಪಾ ಕಾಗದ ತಂದು ಹಳೆಯ ತಾರೀಖು ಹಾಕುವವರು ಇರುತ್ತಾರಲ್ಲ, ಅವರೂ ಸಿಕ್ಕಿಬೀಳುವುದು ಇಂಥ ಕಡೆಯೇ. ಸಹಿ ಸರಿಯಾಗಿರುತ್ತದೆ, ಕಾಗದದ ವರ್ಷ ತಪ್ಪಿರುತ್ತದೆ.

ಹಾಗಾದರೆ ಈತ ಬರೀ ಮೋಸಗಾರನೇ? ಇತಿಹಾಸ ಓದಿದವರಲ್ಲಿ ಬಹಳ ಜನ ಹಾಗೆ ಹೇಳಿ ಮುಗಿಸಿದ್ದಾರೆ. ನನಗೆ ಅಷ್ಟು ಬೇಗ ಮುಗಿಸಲು ಮನಸ್ಸಿಲ್ಲ. ಕಾಗದ ಸುಳ್ಳು, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆ ಸುಳ್ಳಿನಿಂದ ದುಡ್ಡು ಪಡೆದ, ಅದೂ ನಿಜ. ಆದರೆ ಆ ಪುಸ್ತಕದಲ್ಲಿ ಅರ್ಜಿಗೆ ಬೇಕಿಲ್ಲದ ಪುಟಗಳೂ ಇವೆ. ಆರನೇ ಹೆನ್ರಿಗೆ ಕೊಟ್ಟ ಪುಸ್ತಕದಲ್ಲೇ ರಾಜನ ಮುಖಕ್ಕೆ ಹೇಳುತ್ತಾನೆ: ನಿನ್ನ ರಾಜ್ಯದಲ್ಲಿ ಕಾನೂನು ಸತ್ತಿದೆ, ದೊಡ್ಡವರ ಬಂಟರು ಕವಚ ತೊಟ್ಟು ಶಿರಸ್ತ್ರಾಣ ಇಟ್ಟು ಹಗಲಲ್ಲೇ ಕುದುರೆ ಮೇಲೆ ತಿರುಗುತ್ತಾರೆ, ಬಡವನಿಗೆ ನ್ಯಾಯ ಇಲ್ಲ. ಪಿಂಚಣಿ ಕೇಳಲು ಹೋದವನು ಹೇಳುವ ಮಾತೇ ಇದು? ಆಗ ಅವನು ಲಿಂಕನ್‌ಶೈರಿನ ಕೈಮ್ ಎಂಬ ಹಳ್ಳಿಯ ಮಠದಲ್ಲಿ ವಾಸವಾಗಿದ್ದ. ಸುತ್ತ ಕಂಡದ್ದನ್ನು ಬರೆದಿದ್ದಾನೆ. ಮನೆಯೊಳಗೆ ಒಬ್ಬರನ್ನೊಬ್ಬರು ಕೊಲ್ಲುವ ಬದಲು ಒಟ್ಟಾಗಿ ಹೊರಗೆ ಯುದ್ಧಕ್ಕೆ ಹೋದರೆ ದೇಶ ಉಳಿಯುತ್ತದೆ ಎಂಬುದು ಅವನ ನಂಬಿಕೆ. ಐದನೇ ಹೆನ್ರಿ ಫ್ರಾನ್ಸಿಗೆ ಹೋದಾಗ ಇಂಗ್ಲೆಂಡಿನೊಳಗೆ ಶಾಂತಿ ಇತ್ತಲ್ಲ ಎಂದು ಅವನ ಲೆಕ್ಕ. ಆ ಶಾಂತಿಯ ಬೆಲೆಯನ್ನು ನಾರ್ಮಂಡಿಯ ರೈತರು ತೆತ್ತರು, ಸ್ಕಾಟ್ಲೆಂಡಿನ ರೈತರು ತೆರಬೇಕಾಗಿತ್ತು, ಅದು ಅವನ ಲೆಕ್ಕಕ್ಕೆ ಬರಲಿಲ್ಲ. ನನ್ನ ತಕರಾರು ಅವನ ಸುಳ್ಳು ಮುದ್ರೆಗಿಂತ ಹೆಚ್ಚಾಗಿ ಇದರ ಮೇಲೆಯೇ.

ಇನ್ನು ತನ್ನ ಒಡೆಯ ಉಂಫ್ರೆವಿಲ್‌ನ ಬಗ್ಗೆ ಬರೆದ ಭಾಗ. 1437ರಲ್ಲಿ ತೀರಿಕೊಂಡವನು. ಇಪ್ಪತ್ತು ವರ್ಷದ ಮೇಲೂ ಅವನ ಬಗ್ಗೆ ಬರೆಯುವಾಗ ಈ ಒರಟು ಪದ್ಯಗಾರನ ಕೈ ಮೃದುವಾಗುತ್ತದೆ. ಉಂಫ್ರೆವಿಲ್ ಒಮ್ಮೆ ಸ್ಕಾಟರ ಹಡಗುಗಳನ್ನು ಹಿಡಿದು ತಂದ ಸರಕಿನಿಂದ ಗಡಿನಾಡಿನ ಸಂತೆಗಳಲ್ಲಿ ಸಾಮಾನು ಅಗ್ಗವಾಯಿತಂತೆ, ಜನ ಅವನಿಗೆ ‘ಸಂತೆ ಸುಧಾರಿಸಿದ ರಾಬಿನ್’ ಎಂದು ಅಡ್ಡಹೆಸರು ಇಟ್ಟರಂತೆ. ಇದರಿಂದ ಹಾರ್ಡಿಂಗನಿಗೆ ಒಂದು ಪೌಂಡೂ ಸಿಗುವಂತಿರಲಿಲ್ಲ. ಸತ್ತ ಒಡೆಯನಿಂದ ಏನು ಸಿಗುತ್ತದೆ? ಅದಕ್ಕೇ ನಾನು ಆ ಪುಟಗಳನ್ನು ನಂಬುತ್ತೇನೆ. ವಿದ್ಯಾರ್ಥಿಗಳಿಗೆ ನಾನು ಯಾವಾಗಲೂ ಹೇಳುತ್ತಿದ್ದದ್ದು ಇದೇ: ಬರೆದವನಿಗೆ ಲಾಭ ಇರುವ ಕಡೆ ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿ, ಲಾಭ ಇಲ್ಲದ ಕಡೆ ಸ್ವಲ್ಪ ನೆಮ್ಮದಿಯಿಂದ ಓದಿ.

ಎರಡನೇ ಪಾಠದ ಕೊನೆಯಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಸೋತ ಆರನೇ ಹೆನ್ರಿ ಹೆಂಡತಿ ಮಗನ ಜೊತೆ ಸ್ಕಾಟ್ಲೆಂಡಿಗೆ ಓಡಿಹೋಗಿದ್ದ. ಅವರನ್ನು ಕರೆಸಿಕೊ, ಗೌರವದಿಂದ ಬಾಳಲು ಏರ್ಪಾಡು ಮಾಡು, ಇಲ್ಲದಿದ್ದರೆ ಶತ್ರುಗಳು ಅವರನ್ನು ನಿನ್ನ ಮೇಲೆ ಬಿಡುತ್ತಾರೆ ಎಂದು ಎಡ್ವರ್ಡನಿಗೆ ಬುದ್ಧಿ ಹೇಳುತ್ತಾನೆ. ಅದರಲ್ಲಿ ರಾಜನೀತಿಯೂ ಇದೆ, ಹಳೆಯ ಒಡೆಯನ ಮೇಲಿನ ಕನಿಕರವೂ ಇದೆ. ಎಡ್ವರ್ಡ್ ಕೇಳಲಿಲ್ಲ. 1465ರಲ್ಲಿ ಹೆನ್ರಿ ಸೆರೆ ಸಿಕ್ಕ. 1471ರಲ್ಲಿ ಲಂಡನ್ ಗೋಪುರದಲ್ಲಿ ಅವನ ಕೊನೆಯಾಯಿತು. ಅಷ್ಟು ಹೊತ್ತಿಗೆ ಹಾರ್ಡಿಂಗನ ಲೇಖನಿ ನಿಂತಿತ್ತು. ಪುಸ್ತಕ ಅರ್ಧಕ್ಕೇ ಉಳಿಯಿತು. ಗೆಡಿಂಗ್ಟನ್ ಸಿಗಲೇ ಇಲ್ಲ.

ಆದರೆ ಕಾಗದಕ್ಕೆ ಮನುಷ್ಯನಿಗಿಂತ ಆಯುಷ್ಯ ಹೆಚ್ಚು. ಎರಡನೇ ಪಾಠದ ಹತ್ತಕ್ಕೂ ಹೆಚ್ಚು ಕೈಬರಹದ ಪ್ರತಿಗಳು ಉಳಿದುಕೊಂಡವು. 1542ರಲ್ಲಿ ಎಂಟನೇ ಹೆನ್ರಿ ಸ್ಕಾಟ್ಲೆಂಡಿನ ಮೇಲೆ ಯುದ್ಧ ಹೂಡಿ, ಕಾರಣಗಳನ್ನು ತಿಳಿಸುವ ಒಂದು ಪ್ರಕಟಣೆ ಅಚ್ಚು ಹಾಕಿಸಿದ. ಅದರಲ್ಲಿ ಮತ್ತೆ ಅದೇ ಬ್ರೂಟಸ್, ಅದೇ ಅಧೀನತೆ. ನವೆಂಬರ್‌ನಲ್ಲಿ ಸಾಲ್ವೇ ಮಾಸ್ ಎಂಬಲ್ಲಿ ಸ್ಕಾಟರು ಸೋತರು. ಡಿಸೆಂಬರ್‌ನಲ್ಲಿ ಅವರ ರಾಜ ಐದನೇ ಜೇಮ್ಸ್ ತೀರಿಕೊಂಡ. ಆರು ದಿನದ ಹೆಣ್ಣುಮಗು ಮೇರಿ ರಾಣಿಯಾದಳು. ಸರಿಯಾಗಿ ಅದರ ಬೆನ್ನಿಗೇ, 1543ರ ಜನವರಿಯಲ್ಲಿ, ಲಂಡನ್ನಿನ ಮುದ್ರಕ ರಿಚರ್ಡ್ ಗ್ರಾಫ್ಟನ್ ಹಾರ್ಡಿಂಗನ ಚರಿತ್ರೆಯನ್ನು ಅಚ್ಚು ಹಾಕಿದ. ಅದೂ ಒಂದಲ್ಲ, ಎರಡು ಬೇರೆ ಬೇರೆ ಮುದ್ರಣ. ಅರ್ಪಣೆ ನಾರ್ಫೋಕಿನ ಡ್ಯೂಕನಿಗೆ, ಹಿಂದಿನ ವರ್ಷ ಸ್ಕಾಟ್ಲೆಂಡಿನ ಮೇಲೆ ದಂಡು ಕೊಂಡೊಯ್ದಿದ್ದವನಿಗೆ. ಸತ್ತು ಸುಮಾರು ಎಂಬತ್ತು ವರ್ಷವಾಗಿದ್ದ ಮುದುಕನನ್ನು ಎಬ್ಬಿಸಿ ಮತ್ತೆ ಸೈನ್ಯಕ್ಕೆ ಸೇರಿಸಿದ ಹಾಗಾಯಿತು. ಮುಂದಿನ ವರ್ಷ, 1544ರಲ್ಲಿ, ಇಂಗ್ಲೆಂಡಿನ ಸೈನ್ಯ ಹಡಗಿನಲ್ಲಿ ಹೋಗಿ ಲೀತ್ ಬಂದರಿನ ಹತ್ತಿರ ಇಳಿದು ಎಡಿನ್‌ಬರೋ ಪಟ್ಟಣಕ್ಕೆ ಬೆಂಕಿ ಇಟ್ಟಿತು. ಆ ಬೆಂಕಿಗೆ ಈ ಪದ್ಯವೇ ಕಾರಣ ಎಂದು ನಾನು ಹೇಳುವುದಿಲ್ಲ. ರಾಜರು ಹೊರಡುವುದು ತಮ್ಮ ಲೆಕ್ಕದಿಂದಲೇ. ಹೊರಟ ಮೇಲೆ ಕೈಗೆ ಒಂದು ಪುಸ್ತಕ ಬೇಕಾಗುತ್ತದೆ, ಅಷ್ಟೆ.

ಕಾಗದಗಳು ಸುಳ್ಳು ಎಂದು ವಿವರವಾಗಿ ತೋರಿಸಿಕೊಟ್ಟವನು ಸರ್ ಫ್ರಾನ್ಸಿಸ್ ಪಾಲ್‌ಗ್ರೇವ್, 1837ರಲ್ಲಿ. ನಾಲ್ಕು ಶತಮಾನಗಳ ಮೇಲೆ. ಅವನೇನು ಸ್ಕಾಟ್ಲೆಂಡಿನ ವಕೀಲನಲ್ಲ, ಇಂಗ್ಲೆಂಡ್ ಸರ್ಕಾರದ ದಾಖಲೆಗಳನ್ನೇ ಒಪ್ಪ ಮಾಡುತ್ತಿದ್ದ ಅಧಿಕಾರಿ. ತನ್ನ ದೇಶಕ್ಕೆ ಅನುಕೂಲವಾಗಿದ್ದ ಕಾಗದವನ್ನು ತಾನೇ ಸುಳ್ಳು ಎಂದ. ನನಗೆ ಈ ಕತೆಯಲ್ಲಿ ಕೈಮುಗಿಯಬೇಕು ಅನಿಸಿದ್ದು ಅವನಿಗೆ.

ಆ ಸುಳ್ಳು ಕಾಗದಗಳನ್ನು ಯಾರೂ ಸುಟ್ಟುಹಾಕಲಿಲ್ಲ. ಲಂಡನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಈಗಲೂ ಇವೆ, ನಿಜವಾದ ಕಾಗದಗಳ ಜೊತೆಯಲ್ಲೇ, ನಂಬರು ಹಾಕಿಸಿಕೊಂಡು. ಆರನೇ ಹೆನ್ರಿಗಾಗಿ ಬರೆದ ಮೊದಲ ಪಾಠದ ಒಂದೇ ಒಂದು ಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ, ನಕಾಶೆಯ ಬಣ್ಣ ಇನ್ನೂ ಮಾಸಿಲ್ಲ. ಹತ್ತನೇ ತರಗತಿಯ ಮಕ್ಕಳು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಆ ನಕಾಶೆಯ ಒಂದು ದೊಡ್ಡ ಪ್ರತಿಯನ್ನು ಅಚ್ಚು ಹಾಕಿಸಿ ತಂದು ಮೇಷ್ಟರ ಕೈಗೆ ಕೊಟ್ಟಿದ್ದೇನೆ, ಇತಿಹಾಸದ ಕೊಠಡಿಯಲ್ಲಿ ತೂಗುಹಾಕುತ್ತಾರೆ. ಹೋಗಿ ನೋಡಿ. ಕೋಟೆಗಳನ್ನು ಎಣಿಸಿ, 1422ರಲ್ಲಿ ಆ ದಾರಿ ಹಿಡಿದು ಬಂದವನಿಗೆ ಏನು ಬೇಕಾಗಿತ್ತು ಎಂದು ಮೇಷ್ಟರನ್ನು ಕೇಳಿ. ಅಡುಗೆ ಆಗಿದೆ ಎಂದು ಆಗಲೇ ಎರಡು ಸಲ ಸನ್ನೆ ಮಾಡಿದ್ದಾರೆ.